ಮಾವನ ಕಂಬಳಿಗೆ ರೇಡಿಯಂ ಪಟ್ಟಿ

ನಮ್ಮ ಮಾವ ಸಂಜೆ ಡೈರಿಯಿಂದ ಮನೆಗೆ ಬರುವುದು ನಮಗೆ ಗೊತ್ತಾಗುತ್ತಿದ್ದದ್ದು ಕಿವಿಯಿಂದ, ಕಣ್ಣಿನಿಂದಲ್ಲ. ಸೈಕಲ್ಲಿನ ಹ್ಯಾಂಡಲಿಗೆ ನೇತುಹಾಕಿದ ಖಾಲಿ ಹಾಲಿನ ಕ್ಯಾನು ರಸ್ತೆಯ ಒಂದೊಂದು ಗುಂಡಿಗೂ ಡಣ್ ಅನ್ನುತ್ತಿತ್ತು. ಮೋರಿಯ ಹತ್ತಿರದ ದೊಡ್ಡ ಗುಂಡಿಯಲ್ಲಿ ಎರಡು ಸಲ ಡಣ್ ಅಂದಿತೆಂದರೆ ಅತ್ತೆ ಒಳಗಿನಿಂದಲೇ, "ಬಂದ್ರು, ಕಾಫಿಗೆ ಇಡು" ಅನ್ನುತ್ತಿದ್ದರು. ಜಗಲಿಯಲ್ಲಿ ನಿಂತು ನೋಡಿದರೆ ಏನೂ ಕಾಣುತ್ತಿರಲಿಲ್ಲ. ಸೈಕಲ್ಲು ಕಪ್ಪು, ತಲೆಯ ಮೇಲಿಂದ ಕೊಪ್ಪೆ ಮಾಡಿ ಹೊದ್ದ ಕಂಬಳಿ ಕಪ್ಪು, ರಸ್ತೆಯೂ ಕಪ್ಪು. ಎದುರಿನಿಂದ ಬರುವವರಿಗೆ ಮಾವನ ಬಿಳಿ ಮೀಸೆಯಾದರೂ ಕಾಣುತ್ತಿತ್ತೇನೋ. ಹಿಂದಿನಿಂದ ಬರುವವರಿಗೆ ಆ ಭಾಗ್ಯವೂ ಇರಲಿಲ್ಲ.

ಸೈಕಲ್ಲಿಗೆ ದೀಪವೇ ಇರಲಿಲ್ಲವೇ ಅಂದರೆ, ಇತ್ತು. ಡೈನಮೋ ಕೂಡ ಇತ್ತು. ಪೆಡಲ್ ಭಾರ ಆಗುತ್ತದೆ ಅಂತ ಮಾವ ಅದನ್ನು ಯಾವ ಕಾಲದಲ್ಲೋ ಬಿಚ್ಚಿ ಅಟ್ಟಕ್ಕೆ ಎಸೆದಿದ್ದರು. ಹಿಂದಿನ ಮಡ್‌ಗಾರ್ಡಿನಲ್ಲಿದ್ದ ಕೆಂಪು ಬಿಲ್ಲೆ ಒಡೆದುಹೋಗಿ ಆ ಜಾಗದಲ್ಲಿ ಒಂದು ತೂತು ಮಾತ್ರ ಉಳಿದಿತ್ತು. ಹೊಸದು ಹಾಕಿಸಿ ಮಾವ ಅಂತ ನಾನು ಹೇಳಿದಾಗಲೆಲ್ಲ ಅವರ ಹತ್ತಿರ ಎರಡು ಉತ್ತರ ಸಿದ್ಧವಾಗಿರುತ್ತಿದ್ದವು.

ಮೊದಲನೆಯದು ಆನೆ. "ಬೆಳಕು ಕಂಡ್ರೆ ಆನೆ ನಿಂತ್ಕಂಡು ನೋಡ್ತದೆ ಕಣವ್ವ. ಕತ್ಲಲ್ಲಿ ಕತ್ಲಾಗಿ ಹೋದ್ರೆ ಅದರ ಪಾಡಿಗೆ ಅದು, ನಮ್ ಪಾಡಿಗೆ ನಾವು."

"ಆನೆ ವರ್ಷಕ್ಕೊಂದು ಸಲ ದಾರಿ ತಪ್ಪಿ ಬರುತ್ತೆ ಮಾವ, ಲಾರಿ ದಿನಾ ಬರುತ್ತೆ" ಅಂದರೆ ಎರಡನೆಯ ಉತ್ತರ ಹೊರಗೆ ಬರುತ್ತಿತ್ತು.

"ನಂಗೆ ಅಷ್ಟು ದೂರದಿಂದ ಲಾರಿ ಕಾಣ್ತದೆ. ಅಂದ್ಮೇಲೆ ಲಾರಿಯವನಿಗೆ ನಾ ಕಾಣಲ್ವಾ? ಅವನಿಗೇನು ಕಣ್ಣಿಲ್ವಾ?"

ಈ ಮಾತಿಗೆ ಎದುರು ಹೇಳುವುದು ಕಷ್ಟ. ಕೇಳುವುದಕ್ಕೆ ಎಷ್ಟು ಸರಿಯಾಗಿದೆ ನೋಡಿ. ನಾನೂ ಸುಮ್ಮನಾಗುತ್ತಿದ್ದೆ. ಸುಮ್ಮನಾಗುವುದು ನನ್ನ ಸ್ವಭಾವವಲ್ಲ ಅಂತ ನನ್ನ ಗಂಡನನ್ನು ಕೇಳಿದರೆ ಹೇಳುತ್ತಾರೆ.

ಕೊಡಗು ಅಂದರೆ ಏರು, ಇಳಿಜಾರು, ಕಾಫಿ ತೋಟ ಅಂದುಕೊಂಡು ನಮ್ಮ ಶಿರಂಗಾಲದ ಕಡೆ ಬಂದ ನೆಂಟರಿಗೆ ಒಂದಿಷ್ಟು ನಿರಾಸೆಯಾಗುತ್ತದೆ. ನಮ್ಮದು ಸಪಾಟು ನೆಲ. ಗದ್ದೆ, ಶುಂಠಿ, ಮುಸುಕಿನ ಜೋಳ. ಮಾತೂ ಅಷ್ಟೇ, ಹೊಳೆಯಾಚೆಯ ಹಾಸನದವರದ್ದೇ. ಮಡಿಕೇರಿಯವರು ಸೈಕಲ್ಲನ್ನು ಅರ್ಧ ದಾರಿ ತಳ್ಳಬೇಕು, ನಾವು ತುಳಿಯುತ್ತೇವೆ. ಹಾಗಾಗಿ ಮನೆಮನೆಗೂ ಬೈಕ್ ಬಂದ ಮೇಲೂ ನಮ್ಮೂರಲ್ಲಿ ಮಾವನಂಥವರ ಸೈಕಲ್ಲುಗಳು ಉಳಿದುಕೊಂಡಿವೆ. ರಸ್ತೆಗೆ ಹೊಸ ಡಾಂಬರು ಬಿದ್ದ ಮೇಲೆ ಗಾಡಿಗಳೂ ಬಾಣ ಬಿಟ್ಟ ಹಾಗೆ ಹೋಗುತ್ತವೆ. ಗುಂಡಿ ಬಿದ್ದ ಕಡೆ ಮಾತ್ರ ಸ್ವಲ್ಪ ಮರ್ಯಾದೆಯಿಂದ ಹೋಗುತ್ತವೆ.

ನಾನು ಬಟ್ಟೆ ಹೊಲಿಯುವವಳು. ಬಸ್‌ ಸ್ಟಾಪಿನ ಹತ್ತಿರ ಒಂದು ಮಳಿಗೆ, ಎರಡು ಮೆಷೀನು. ರವಿಕೆ, ಚೂಡಿದಾರ, ಶಾಲೆ ಮಕ್ಕಳ ಯೂನಿಫಾರ್ಮ್, ಸೀರೆಗೆ ಫಾಲ್. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು ಅಂತ ಊರಲ್ಲಿ ಹೆಸರಿದೆ. ಸೊಟ್ಟ ಹೊಲಿಗೆ ಕಂಡರೆ ನನಗೆ ಆಗುವುದಿಲ್ಲ. ಮದುವೆ ಮನೆಯಲ್ಲಿ ಪಕ್ಕದಲ್ಲಿ ಕೂತವಳ ರವಿಕೆಯ ತೋಳು ಸೊಟ್ಟಗಿದ್ದರೆ ನನಗೆ ಊಟ ರುಚಿಸುವುದಿಲ್ಲ. ಸಂಜೆ ಮಳಿಗೆ ಮುಚ್ಚಿ ಕಪ್ಪು ಸ್ವೆಟರ್ ಹಾಕಿಕೊಂಡು ಅದೇ ರಸ್ತೆಯಲ್ಲಿ ನಡೆದು ಮನೆಗೆ ಬರುತ್ತೇನೆ. ಕಪ್ಪಾದರೆ ಮೆಷೀನಿನ ಎಣ್ಣೆ ಕಾಣುವುದಿಲ್ಲ ಅಂತ ಆ ಬಣ್ಣ ತೆಗೆದುಕೊಂಡಿದ್ದೆ.

ಆ ವರ್ಷ ಶುಂಠಿ ಕೀಳುವ ಕಾಲದಲ್ಲಿ ಒಂದು ಸಂಜೆ ಕ್ಯಾನಿನ ಸದ್ದು ಬರಲಿಲ್ಲ. ಅದರ ಬದಲು ಒಂದು ಪಿಕಪ್ ಬಂದು ನಮ್ಮ ಅಂಗಳದಲ್ಲಿ ನಿಂತಿತು. ಹಿಂದೆ ಶುಂಠಿ ಮೂಟೆಗಳ ಮೇಲೆ ಮಾವನ ಸೈಕಲ್ಲು ಮಲಗಿತ್ತು. ಮುಂದೆ ಡ್ರೈವರಿನ ಪಕ್ಕ ಮಾವ, ಮೈಯೆಲ್ಲ ಕೆಸರು, ಮಡಿಲಲ್ಲಿ ನೆಗ್ಗಿದ ಕ್ಯಾನು. ನಾನು ಅಂಗಳಕ್ಕೆ ಓಡಿದೆ. ಪೆಟ್ಟು ಏನೂ ಆಗಿರಲಿಲ್ಲ. ಹಿಂದಿನಿಂದ ಬಂದ ಪಿಕಪ್ ಕೊನೇ ಕ್ಷಣದಲ್ಲಿ ಬ್ರೇಕ್ ಹಾಕಿದ ಸದ್ದಿಗೆ ಬೆದರಿ ಮಾವ ತಾವೇ ಸೈಕಲ್ ಸಮೇತ ಚರಂಡಿಗೆ ಇಳಿದಿದ್ದರು.

ಡ್ರೈವರು ಕೇರಳದ ಕಡೆಯ ಹುಡುಗ, ಶುಂಠಿ ವ್ಯಾಪಾರಿಯ ಗಾಡಿ ಓಡಿಸುವವನು. ಅವನು ಮಾವನನ್ನು ಕೆಳಗಿಳಿಸುತ್ತಲೇ ಶುರು ಮಾಡಿದ. "ಚೇಚಿ, ಅಕ್ಕಾ, ಸತ್ಯ ಹೇಳ್ತೇನೆ, ಈ ಅಜ್ಜ ಕಾಣ್ಲೇ ಇಲ್ಲ. ರಸ್ತೆ ಖಾಲಿ ಅಂತ ಬಂದದ್ದು ನಾನು. ಹತ್ರ ಬಂದಾಗ ಒಂದು ಚಕ್ರ ತಿರುಗ್ತಾ ಉಂಟು, ಮೇಲೆ ಏನೂ ಇಲ್ಲ!"

"ಮೇಲೆ ನಾನಿದ್ನಲ್ಲೋ" ಅಂದರು ಮಾವ. "ಕಣ್ಣು ತೋರ್ಸ್ಕೊ ಹೋಗಿ ಡಾಕ್ಟರಿಗೆ."

ಪಾಪದ ಹುಡುಗ ಅತ್ತೆ ಕೊಟ್ಟ ಕಾಫಿ ಕುಡಿದು, ಬೈಗುಳವನ್ನೂ ಕುಡಿದು, ಸೈಕಲ್ ಇಳಿಸಿಕೊಟ್ಟು ಹೋದ.

ನನ್ನ ಗಂಡನದು ಮಾತು ಕಮ್ಮಿ. ಅಂದು ರಾತ್ರಿ ಅವರು ಸೈಕಲ್ಲಿನ ಚಕ್ರಕ್ಕೆ ಚೈನು ಸುತ್ತಿ ಬೀಗ ಹಾಕಿ, ಕೀಲಿಯನ್ನು ತಮ್ಮ ಬೈಕಿನ ಕೀಗೊಂಚಲಿಗೆ ಸೇರಿಸಿಕೊಂಡರು. "ನಾಳೆಯಿಂದ ಡೈರಿಗೆ ನಾನು ಹೋಗ್ತೀನಿ ಅಪ್ಪ. ಸೈಕಲ್ ಸಾಕು" ಅಂದರು. ಮಾವ ಜಗಳಕ್ಕೂ ಬರದೆ ಚಾಪೆ ಬಿಡಿಸಿ ಮಲಗಿದರು. ಅದೇ ನಮಗೆ ಭಯ ಹುಟ್ಟಿಸಿದ್ದು.

ಹಾಲು ಹಾಕುವುದು ಒಂದು ನೆಪ. ಮಾವನ ಇಡೀ ದಿನ ಆ ಸಂಜೆಗಾಗಿಯೇ ಇರುತ್ತಿತ್ತು. ಹಾಲು ಅಳೆಸಿ ಆದ ಮೇಲೆ ಡೈರಿಯ ಕಟ್ಟೆಯ ಮೇಲೆ ಅವರ ಓರಗೆಯವರೆಲ್ಲ ಕೂರುತ್ತಿದ್ದರು. ಯಾರ ಹಸು ಗಬ್ಬ ಆಯಿತು, ಶುಂಠಿಗೆ ಯಾವ ರೋಗ ಬಂತು, ಯಾವ ಪಾರ್ಟಿ ಗೆಲ್ಲುತ್ತದೆ, ಎಲ್ಲ ಅಲ್ಲೇ ತೀರ್ಮಾನವಾಗಬೇಕು. ಕತ್ತಲಾಗುವ ತನಕ ಮಾತಾಡಿ, ಮೈ ಹಗುರ ಮಾಡಿಕೊಂಡು, ಸೈಕಲ್ ತುಳಿಯುತ್ತಾ ಬರುತ್ತಿದ್ದರು. ಮಗನ ಬೈಕಿನ ಹಿಂದೆ ಕೂತು ಹೋಗಿ ಬನ್ನಿ ಅಂದರೆ, "ಅವನು ನಿಂತ ಕಾಲಲ್ಲಿ ಹಾರನ್ ಹೊಡೀತಾನೆ, ಅಂಥ ಮಾತು ಮಾತಾ?" ಅಂದರು. ಅದೂ ನಿಜವೇ.

ಹೀಗೆ ಮನೆಯಲ್ಲಿ ಉಳಿದ ಮಾವ ಸಂಜೆಯಾದರೆ ನನ್ನ ಮಳಿಗೆಗೆ ಬಂದು ಕೂರತೊಡಗಿದರು. ನನ್ನ ಪ್ರಾಣ ತಿಂದರು. ರವಿಕೆ ಅಳತೆ ಕೊಡಲು ಬಂದ ಹೆಂಗಸರು ಮಾವನನ್ನು ನೋಡಿ, "ನಾಳೆ ಬತ್ತೀನಿ ಬಿಡಿ" ಅಂತ ಹಾಗೇ ತಿರುಗಿ ಹೋಗುವುದು. ಬಂದ ಶಾಲೆ ಹುಡುಗನನ್ನು ನಿಲ್ಲಿಸಿ, "ಇವನಿಗೆ ಚಡ್ಡಿ ದೊಡ್ಡದು ಹೊಲಿ, ಬೆಳೀತಾನೆ" ಅಂತ ನನಗೆ ಬುದ್ಧಿ ಹೇಳುವುದು. ಒಂದು ದಿನ ನನ್ನ ಕತ್ತರಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು. ದರ್ಜಿಯ ಕತ್ತರಿಯಲ್ಲಿ ಅಡಿಕೆ! ನಾನು ಕೂಗಿದ ಕೂಗಿಗೆ ಬಸ್‌ ಸ್ಟಾಪಿನಲ್ಲಿದ್ದವರು ಎದ್ದು ನಿಂತರು.

ಕೂಗಿದ್ದಕ್ಕೆ ಅವರು ತಿರುಗಿ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಕತ್ತರಿಯನ್ನು ಪಂಚೆಯ ತುದಿಯಲ್ಲಿ ಒರೆಸಿ ಮೇಜಿನ ಮೇಲಿಟ್ಟು, "ಇನ್ನೇನ್ ಮಾಡ್ಲವ್ವ, ಕೈ ಸುಮ್ಕೆ ಕೂರಲ್ಲ" ಅಂದರು. ರಸ್ತೆಯಲ್ಲಿ ಅವರ ಜೊತೆಯವನೊಬ್ಬ ಕ್ಯಾನು ನೇತುಹಾಕಿಕೊಂಡು ಸೈಕಲ್ಲಿನಲ್ಲಿ ಡೈರಿಗೆ ಹೋಗುತ್ತಿದ್ದ. ಅವನು ತಿರುವಿನಲ್ಲಿ ಮರೆಯಾಗುವ ತನಕ ಮಾವ ನೋಡುತ್ತಲೇ ಇದ್ದರು. ಈ ಮನುಷ್ಯ ಮಳೆಗಾಲದ ತನಕ ಹೀಗೆ ಕೂತರೆ ಕೂತಲ್ಲೇ ಮುದುಕರಾಗಿಬಿಡುತ್ತಾರೆ ಅನ್ನಿಸಿತು.

ಅಂದು ರಾತ್ರಿ ಗಂಡನನ್ನು ಹಿಡಿದುಕೊಂಡೆ. "ಬೀಗ ತೆಗೀರಿ" ಅಂದೆ. "ಕಾಣದೆ ಇರೋರನ್ನ ರಸ್ತೆಗೆ ಹೇಗೆ ಬಿಡ್ಲಿ?" ಅಂದರು. "ಕಾಣೋ ಹಾಗೆ ಮಾಡಿದ್ರೆ?" ಅಂದೆ. "ನಾನು ಬೈಕಲ್ಲಿ ಹಿಂದಿನಿಂದ ಬರ್ತೀನಿ. ಮೋರಿ ಹತ್ರದಿಂದ ನನಗೆ ಅಪ್ಪ ಕಾಣಬೇಕು. ಕಂಡ್ರೆ ಬೀಗ ತೆಗೀತೀನಿ" ಅಂದರು. ಅವರು ಮಾತು ಕಮ್ಮಿ ಆಡುವುದರಿಂದ ಆಡಿದ ಮಾತಿಗೆ ಬೆಲೆ ಜಾಸ್ತಿ.

ಕುಶಾಲನಗರಕ್ಕೆ ನೂಲು ತರಲು ಹೋದಾಗ ರೇಡಿಯಂ ಪಟ್ಟಿಯ ಒಂದು ಸುರುಳಿ ತಂದೆ. ಗಾಡಿಗಳ ಹಿಂದೆ ಅಂಟಿಸುವುದಲ್ಲ, ಬಟ್ಟೆಗೆ ಹೊಲಿಯುವಂಥದ್ದು. ಹಗಲಲ್ಲಿ ಬೂದಿಯ ಬಣ್ಣ, ದೀಪ ಬಿದ್ದರೆ ಮಾತ್ರ ಝಗ್ ಅನ್ನುತ್ತದೆ. ಕಿತ್ತಳೆ ಬಣ್ಣದ ಬಟ್ಟೆಯಲ್ಲಿ ಚೆಂದದ ಒಂದು ತೋಳಿಲ್ಲದ ಜಾಕೆಟ್ ಹೊಲಿದು, ಬೆನ್ನಿಗೂ ಎದೆಗೂ ಪಟ್ಟಿ ಕೊಟ್ಟೆ. ಜೇಬು ಇಟ್ಟೆ. ಎಲೆಅಡಿಕೆಗೆ ಅಂತ ಒಳಗೊಂದು ಕಳ್ಳಜೇಬೂ ಇಟ್ಟೆ. ಅಷ್ಟು ನೀಟಾದ ಹೊಲಿಗೆ ಮದುವೆ ಹೆಣ್ಣಿಗೂ ಹಾಕಿರಲಿಲ್ಲ.

ಪರೀಕ್ಷೆಯ ಸಂಜೆ ಮಾವ ಅದನ್ನು ಹಾಕಿಕೊಂಡು, ಬಹಳ ದಿನದ ಮೇಲೆ ಸೈಕಲ್ ಹತ್ತಿ, ಗಂಟೆ ಬಾರಿಸುತ್ತಾ ಡೈರಿಗೆ ಹೋದರು. ವಾಪಸು ಬರುವಾಗ ಹಿಂದಿನಿಂದ ನನ್ನ ಗಂಡ. ನಾನು ಮತ್ತು ಅತ್ತೆ ಜಗಲಿಯಲ್ಲಿ ನಿಂತಿದ್ದೆವು. ಮೊದಲು ಬಂದದ್ದು ಬೈಕು.

"ಎಲ್ಲಿ ಅಪ್ಪ?" ಅಂದರು ನನ್ನ ಗಂಡ.

"ನೀವು ತಾನೇ ಹಿಂದೆ ಇದ್ದದ್ದು, ನನ್ನ ಕೇಳ್ತೀರಲ್ಲ" ಅಂದೆ.

ಅಷ್ಟರಲ್ಲಿ ಕತ್ತಲೊಳಗಿನಿಂದ ಡಣ್ ಅಂತು. ಮಾವ ಬಂದರು. ಕಿತ್ತಳೆ ಜಾಕೆಟ್ಟಿನ ಮೇಲೆ ತಲೆಯಿಂದ ಮಂಡಿಯ ತನಕ ಕಪ್ಪು ಕಂಬಳಿ. ನನ್ನ ಗಂಡ ಅವರನ್ನು ನೋಡದೆಯೇ ದಾಟಿ ಬಂದಿದ್ದರು.

ಆಗಿದ್ದು ಇಷ್ಟು. ಡೈರಿಯ ಹತ್ತಿರ ಮಾವ ಸೈಕಲ್ ನಿಲ್ಲಿಸುತ್ತಿದ್ದ ಹಾಗೆ ಸ್ಕೂಟರಿನವನೊಬ್ಬ ನಿಂತು ಬಹಳ ಗೌರವದಿಂದ, "ಸ್ವಾಮಿ, ಮೋರಿ ಹತ್ರದ ಗುಂಡಿ ಯಾವಾಗ ಮುಚ್ತೀರಾ?" ಅಂತ ಕೇಳಿದ್ದಾನೆ. ರಸ್ತೆ ಕೆಲಸದವರು ಅಂದುಕೊಂಡಿದ್ದಾನೆ. ಕಟ್ಟೆಯ ಮೇಲಿದ್ದವರು ನಕ್ಕು ನಕ್ಕು ಸುಸ್ತಾಗಿದ್ದಾರೆ. ಅಂದಿನಿಂದ ಅವರಲ್ಲೊಬ್ಬ ಮಾವನನ್ನು ಇಂಜಿನಿಯರ್ ಅಂತಲೇ ಕರೆಯುತ್ತಾನೆ. ಬರುವಾಗ ಮಾವ ಕ್ಯಾರಿಯರಿನಲ್ಲಿದ್ದ ಕಂಬಳಿ ತೆಗೆದು ಮೇಲೆ ಹೊದ್ದುಕೊಂಡಿದ್ದಾರೆ. "ಚಳಿ ಆಯ್ತು" ಅಂದರು ನಮ್ಮ ಹತ್ತಿರ. ಚಕ್ರಕ್ಕೆ ಚೈನು, ಬೀಗ ಮತ್ತೆ ಬಿತ್ತು.

ನನಗೂ ಹಟ ಬಂತು. ಕಂಬಳಿಯನ್ನು ಈ ಮನುಷ್ಯ ಬಿಡುವುದಿಲ್ಲ, ಹಾಗಾದರೆ ಕಂಬಳಿಗೇ ಹೊಲಿಯುತ್ತೇನೆ ಅಂದುಕೊಂಡೆ. ಮಾವನಿಗೆ ಕೊಪ್ಪೆ ಹಾಕಿಸಿ ನಿಲ್ಲಿಸಿ, ಬೆನ್ನು ಎಲ್ಲಿಗೆ ಬರುತ್ತದೆ ಅಂತ ಸೀಮೆಸುಣ್ಣದಲ್ಲಿ ಗುರುತು ಮಾಡಿದೆ. ಕಂಬಳಿಗೆ ಅಳತೆ ತೆಗೆದ ದರ್ಜಿ ನಾನೊಬ್ಬಳೇ ಇರಬೇಕು. "ಏನಾರ ಮಾಡ್ಕೊ, ಸೈಕಲ್ ಬಿಡಿಸ್ಕೊಡು" ಅಂದರು ಮಾವ. ಮೆಷೀನಿಗೆ ಆ ದಪ್ಪ ಹಿಡಿಸದೆ ಸೂಜಿ ಮುರಿಯಿತು. ಕೈಯಲ್ಲೇ ಹೊಲಿದೆ. ಬೆನ್ನಿಗೆ ಒಂದು ಪಟ್ಟಿ, ಅಂಚಿಗೆ ಒಂದು ಪಟ್ಟಿ. ಹಗಲು ಹೊತ್ತು ಅದನ್ನು ನೋಡಿದ ನನ್ನ ಗಂಡ, "ಈ ಬೂದಿ ಗೆರೆ ಕಾಣುತ್ತಾ?" ಅಂದರು. ಮಾವನಿಗೂ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಮದುವೆ ಮುಗಿದ ಮೇಲೆ ಇನ್ನೊಂದು ಪರೀಕ್ಷೆ ಅಂತ ಮಾತಾಯಿತು.

ಮದುವೆ ನನ್ನ ನಾದಿನಿಯ ಮಗಳದ್ದು, ಶನಿವಾರಸಂತೆಯ ಹತ್ತಿರದ ಅವರ ಊರಲ್ಲಿ. ಹುಡುಗಿಯ ರವಿಕೆಗಳೆಲ್ಲ ನನ್ನ ಕೈಯಲ್ಲೇ ಇದ್ದವು. ಹಾಗಾಗಿ ನಾನು ಉಳಿದವರಿಗಿಂತ ಮುಂಚೆಯೇ ಹೊರಟೆ. ಅಲ್ಲಿ ಕಾಜಾ ಹಾಕುವುದು, ಹುಕ್ ಹಾಕುವುದು, ಬಂದ ನೆಂಟರ ರವಿಕೆ ಸಡಿಲ ಮಾಡುವುದು, ಇದರಲ್ಲೇ ಮುಳುಗಿಹೋಗಿದ್ದೆ.

ನಮ್ಮಲ್ಲಿ ಮದುವೆಯ ಶಾಸ್ತ್ರಕ್ಕೆ ಹೆಣ್ಣನ್ನು ಕೂರಿಸುವ ಮೊದಲು ಕಂಬಳಿ ಗದ್ದಿಗೆ ಹಾಕುತ್ತಾರೆ. ಕರಿ ಕಂಬಳಿ ಹಾಸಿ, ಮೇಲೆ ಅಕ್ಕಿ ಇಟ್ಟು, ಹಿರಿಯರು ಕೈಮುಗಿದ ಮೇಲೆಯೇ ಮುಂದಿನ ಕೆಲಸ. ನಮ್ಮ ಮನೆತನದಲ್ಲಿ ಮೊಮ್ಮಕ್ಕಳ ಮದುವೆಗೆ ಆ ಕಂಬಳಿ ತಾತನ ಮನೆಯಿಂದಲೇ ಹೋಗಬೇಕು. ತಾತ ಅಂದರೆ ನಮ್ಮ ಮಾವ. ನಮ್ಮ ಮನೆಯಲ್ಲಿ ಇದ್ದ ಒಳ್ಳೆಯ ಕಂಬಳಿ ಒಂದೇ. ಕಂಬಳಿಗೆ ಮೈಲಿಗೆ ಇಲ್ಲ ಅನ್ನುತ್ತಾರೆ, ಆದ್ದರಿಂದ ದಿನವೂ ಮಾವನ ಹೆಗಲ ಮೇಲಿರುವುದನ್ನೇ ಬಿಸಿಲಿಗೆ ಹಾಕಿ, ಒದರಿ, ಮಡಚಿ ತರುವುದು ಅತ್ತೆಯ ಪದ್ಧತಿ. ಇದು ನನಗೂ ಗೊತ್ತು, ಮಾವನಿಗೂ ಗೊತ್ತು. ಪಟ್ಟಿ ಹೊಲಿಯುವ ಗಡಿಬಿಡಿಯಲ್ಲಿ ಇಬ್ಬರಿಗೂ ನೆನಪಾಗಲಿಲ್ಲ. ಅತ್ತೆಗೆ ಪಟ್ಟಿಯ ವಿಷಯ ನಾವು ಹೇಳಿರಲೇ ಇಲ್ಲ. ಸರಿಯಾಗಿ ಕಣ್ಣು ಕಾಣದ ಅತ್ತೆ ಅದನ್ನು ಮಡಚಿ, ಅರಿಶಿನದ ಬಟ್ಟೆಯಲ್ಲಿ ಸುತ್ತಿ, ಜೀಪಿನಲ್ಲಿ ತಮ್ಮ ಮಡಿಲ ಮೇಲೆ ಇಟ್ಟುಕೊಂಡು ಬಂದಿದ್ದರು.

ಸಂಜೆ ಚಪ್ಪರದ ಕೆಳಗೆ ಗದ್ದಿಗೆ ಹಾಕಿದರು. ಬೆನ್ನಿನ ಪಟ್ಟಿ ಮಡಿಕೆಯ ಒಳಗೆ ಹೋಗಿತ್ತು, ಅಂಚಿನದು ಮುಂದಕ್ಕೇ ಬಂದಿತ್ತು. ನೆಂಟರ ಹೆಂಗಸೊಬ್ಬರು, "ಕಂಬ್ಳಿಗೂ ಜರಿ ಅಂಚು ಬಂದೈತಲ್ಲ ಈಗ, ಜೋರಾಗೈತೆ" ಅಂದರು. ನಾನು ಹುಡುಗಿಯ ಸೆರಗಿಗೆ ಪಿನ್ ಹಾಕುತ್ತಾ ಆ ಮಾತು ಕೇಳಿದೆ, ತಲೆಗೆ ಹೋಗಲಿಲ್ಲ. ಹುಡುಗಿ ಕೂತಳು. ಅಕ್ಕಪಕ್ಕ ಅರಿಶಿನದ ಬಟ್ಟಲು ಹಿಡಿದು ಮುತ್ತೈದೆಯರು ನಿಂತರು. ಫೋಟೋಗ್ರಾಫರ್ ಕ್ಯಾಮೆರಾ ಎತ್ತಿ ಫ್ಲ್ಯಾಶ್ ಹೊಡೆದ.

ಹೊಡೆದವನು ಕ್ಯಾಮೆರಾ ಕೆಳಗಿಳಿಸಿ ಅದರ ಪರದೆ ನೋಡಿದ. ಲೆನ್ಸ್ ಒರೆಸಿದ. ಮತ್ತೆ ಹೊಡೆದ, ಮತ್ತೆ ನೋಡಿದ. ಫ್ಲ್ಯಾಶ್ ಬಿಚ್ಚಿ ಊದಿ ಮತ್ತೆ ಹಾಕಿದ. "ಏನಪ್ಪಾ ಆಯ್ತು?" ಅಂತ ಯಾರೋ ಕೇಳಿದರು. "ಹೆಣ್ಣೇ ಬರ್ತಿಲ್ಲ ಅಣ್ಣ. ಕೆಳಗೆ ಟ್ಯೂಬ್‌ಲೈಟ್ ಇಟ್ಟಂಗೆ ಏನೋ ಹೊಡೀತೈತೆ" ಅಂದ.

ಎಲ್ಲರೂ ಮುಗಿಬಿದ್ದು ನೋಡಿದರು. ನಾನೂ ನೋಡಿದೆ. ಹುಡುಗಿಯ ಮುಖ ಮಂಕು, ಮುತ್ತೈದೆಯರು ಮಂಕು. ಕೆಳಗೆ ಈ ತುದಿಯಿಂದ ಆ ತುದಿಯ ತನಕ ನನ್ನ ನೇರವಾದ ಹೊಲಿಗೆಯ ಪಟ್ಟಿ ಝಗಝಗ ಉರಿಯುತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಿನ್ ಮನೆ ಕಾಯ್ವಾಗ! ಗದ್ದಿಗೆ ಕಂಬ್ಳಿಗೆ ಸೂಜಿ ಹಾಕಿದ್ಯಾ?" ಅಂದರು ಅತ್ತೆ. ಅವರ ಮನೆಯೂ ನನ್ನ ಮನೆಯೂ ಒಂದೇ ಅನ್ನುವುದು ಆ ಸಿಟ್ಟಿನಲ್ಲಿ ಅವರಿಗೆ ನೆನಪಿರಲಿಲ್ಲ. ಬಂದವರಲ್ಲಿ ಅರ್ಧ ಜನ ಅಯ್ಯೋ ಅಂದರು, ಅರ್ಧ ಜನ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಹುಡುಗಿಯಂತೂ ಅರಿಶಿನದ ಮುಖದಲ್ಲಿ ಬಿದ್ದು ಬಿದ್ದು ನಗುತ್ತಿದ್ದಳು. ಹೆಣ್ಣು ನಗುತ್ತಿದ್ದಾಳೆ ಅಂದ ಮೇಲೆ ಅಪಶಕುನ ಏನೂ ಅಲ್ಲ ಅಂತ ಹಿರಿಯರೊಬ್ಬರು ಹೇಳಿ ನನ್ನನ್ನು ಉಳಿಸಿದರು. ಅವಳನ್ನು ಎಬ್ಬಿಸಿ ನಿಲ್ಲಿಸಿ, ನಾನು ಚಪ್ಪರದ ಕೆಳಗೇ ಕೂತು ಚಿಕ್ಕ ಕತ್ತರಿಯಲ್ಲಿ ಅಂಚಿನ ಪಟ್ಟಿಯನ್ನು ಬಿಚ್ಚಿದೆ. ಎಲ್ಲರೂ ನೋಡುತ್ತಿರುವಾಗ ಸ್ವಂತ ಹೊಲಿಗೆ ಬಿಚ್ಚುವ ಕಷ್ಟ ನನ್ನ ಕಸುಬಿನವರಿಗೇ ಗೊತ್ತು. ಗಟ್ಟಿ ಹೊಲಿಗೆ ಬೇರೆ, ಬೇಗ ಬಿಚ್ಚಿಕೊಳ್ಳಲೂ ಇಲ್ಲ.

ಇಷ್ಟೆಲ್ಲ ಗಲಾಟೆಯಲ್ಲಿ ಮಾವ ಎಲ್ಲಿ ಅಂತ ತಲೆ ಎತ್ತಿ ನೋಡಿದರೆ ಅವರು ಫೋಟೋಗ್ರಾಫರನ ಪಕ್ಕ ನಿಂತು, ಕ್ಯಾಮೆರಾವನ್ನು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡು ನೋಡುತ್ತಿದ್ದರು. ನಾನು ಬಿಚ್ಚಿ ಕೆಳಗಿಟ್ಟ ಪಟ್ಟಿಯನ್ನು ತೆಗೆದುಕೊಂಡು, ಹಿಂದೆಮುಂದೆ ತಿರುಗಿಸಿ, ಅಂಗಿಯ ಜೇಬಿಗೆ ಹಾಕಿಕೊಂಡರು.

ಶಾಸ್ತ್ರ ಮುಗಿದು ಎಲೆ ಹಾಕುವ ಹೊತ್ತಿಗೆ ಅವರು ಫೋಟೋಗ್ರಾಫರನ ಕೈ ಹಿಡಿದು ಮನೆಯ ಹಿಂದಿನ ಓಣಿಗೆ ಕರೆದುಕೊಂಡು ಹೋದರು. ದೊಡ್ಡವರು ಕಂಬಳಿ ಎತ್ತಿ ಕೊಟ್ಟಿದ್ದರು, ಅದು ಅವರ ಹೆಗಲ ಮೇಲಿತ್ತು. ಇನ್ನೇನು ಎಡವಟ್ಟು ಮಾಡುತ್ತಾರೋ ಅಂತ ನಾನೂ ನನ್ನ ಗಂಡನೂ ಹಿಂದೆ ಓಡಿದೆವು. ಓಣಿಯಲ್ಲಿ ದೀಪವಿರಲಿಲ್ಲ. ಮಾವ ಕಂಬಳಿಯನ್ನು ಒಳಗು ಹೊರಗು ಮಾಡಿ, ಪಟ್ಟಿ ಕಾಣದ ಹಾಗೆ ಕೊಪ್ಪೆ ಹಾಕಿಕೊಂಡು ದೂರ ಹೋಗಿ, ನಮಗೆ ಬೆನ್ನು ಮಾಡಿ ನಿಂತರು. "ಹೊಡಿಯಪ್ಪ" ಅಂತ ಕೂಗಿದರು. ಆಮೇಲೆ ಕಂಬಳಿ ತಿರುಗಿಸಿ, ಬೆನ್ನಿನ ಪಟ್ಟಿ ಹೊರಗೆ ಬರುವ ಹಾಗೆ ಹೊದ್ದು, ಅದೇ ಜಾಗದಲ್ಲಿ ನಿಂತು ಮತ್ತೆ, "ಹೊಡಿಯಪ್ಪ" ಅಂದರು.

ಬಂದು ಮೊದಲನೆಯ ಪಟ ನೋಡಿದರು. ಕತ್ತಲು. ಬೇಲಿ ಕಾಣುತ್ತಿತ್ತು, ಒಂದು ಕಲ್ಲು ಕಾಣುತ್ತಿತ್ತು.

"ನಾನೆಲ್ಲಿ?"

"ಇಲ್ಲೇ ಇದ್ದೀರಿ ತಾತ, ಬಂದಿಲ್ಲ" ಅಂದ ಫೋಟೋಗ್ರಾಫರ್.

ಎರಡನೆಯದರಲ್ಲಿ ಕತ್ತಲ ಮಧ್ಯೆ ಬೆಳ್ಳಗಿನ ಒಂದು ಅಡ್ಡ ಗೆರೆ, ಸ್ಪಷ್ಟವಾಗಿ. ಮಾವ ಎರಡನ್ನೂ ಹಿಂದೆ ಮುಂದೆ ಮಾಡಿಸಿ ನೋಡಿದರು. ನಗುತ್ತಾರೆ ಅಂತ ನಾನು ಕಾಯುತ್ತಿದ್ದೆ. ನಗಲಿಲ್ಲ.

"ಆ ಡ್ರೈವರ್ ಹುಡ್ಗಂಗೆ ನಾ ಸುಮ್ಸುಮ್ನೆ ಬೈದೆ" ಅಂದರು. "ಅವನಿಗೆ ಕಂಡಿದ್ದು ಈ ಮೊದಲ್ನೇ ಪಟ. ನನ್ ಬೆನ್ನ ನಾನು ಯಾವತ್ತು ನೋಡ್ಕಂಡಿದ್ದೆ? ಇಷ್ಟು ವರ್ಷ ಹಿಂಗೇ ಓಡಾಡ್ದೆ ನೋಡು."

ಇಷ್ಟು ವರ್ಷ ಎಷ್ಟು ಗಾಡಿಗಳು ಈ ಬೆನ್ನಿನ ಪಕ್ಕ ಹಾದುಹೋಗಿವೆಯೋ ಅನ್ನುವುದು ಅವತ್ತು ನನಗೂ ಅರ್ಥವಾಯಿತು. ನನ್ನ ಗಂಡ ಜೇಬಿನಿಂದ ಕೀಗೊಂಚಲು ತೆಗೆದು, ಸೈಕಲ್ ಬೀಗದ ಕೀಲಿಯನ್ನು ಬಿಡಿಸಿ ಅಪ್ಪನ ಕೈಗೆ ಕೊಟ್ಟರು. "ಹಿಂದೆ ಕೆಂಪು ಲೈಟು, ಮುಂದೆ ಒಂದು ಲೈಟು ಹಾಕಿಸ್ಬೇಕು. ಅದು ಹಾಕಿಸ್ದೆ ರಸ್ತೆಗೆ ಇಳಿಯೋ ಹಾಗಿಲ್ಲ" ಅಂದರು.

"ಹಾಕ್ಸು, ಹಾಕ್ಸು" ಅಂದರು ಮಾವ. ಆಮೇಲೆ ಆನೆ ನೆನಪಾಗಿರಬೇಕು. "ಆನೆ ಬಂದ್ರೆ ಇಳ್ದು ಆರಿಸ್ತೀನಿ" ಅಂತ ತಮ್ಮ ಮಾತನ್ನೂ ಉಳಿಸಿಕೊಂಡರು.

ಮದುವೆ ಮುಗಿಸಿ ಬಂದ ಮೇಲೆ ಡೈರಿ ಕಟ್ಟೆಯಲ್ಲಿ ಬೇರೆ ಮಾತೇ ನಡೆಯಲಿಲ್ಲವಂತೆ. ಜೇಬಿನಲ್ಲಿದ್ದ ಪಟ್ಟಿಯನ್ನು ತೆಗೆದು, ಟಾರ್ಚ್ ಬಿಟ್ಟು, ಮಂತ್ರವಾದಿಯ ಹಾಗೆ ತೋರಿಸುವುದು ಮಾವನ ಹೊಸ ಕೆಲಸವಾಯಿತು. "ನಿಂಗೆ ಗಾಡಿ ಕಾಣ್ತದೆ ಅಂದ್ರೆ ಗಾಡಿಗೆ ನೀ ಕಾಣ್ತೀಯ ಅಂತ ಅಲ್ಲ ಕಣೋ ದಡ್ಡ" ಅಂತ, ತಾವು ಹುಟ್ಟಿದಾಗಿನಿಂದ ಇದನ್ನೇ ಹೇಳುತ್ತಾ ಬಂದವರ ಹಾಗೆ, ಎಲ್ಲರಿಗೂ ಪಾಠ ಮಾಡಿದರು. ಒಬ್ಬೊಬ್ಬರಾಗಿ ನನ್ನ ಮಳಿಗೆಗೆ ಬಂದರು. ಸ್ವೆಟರ್, ಮಂಕಿ ಟೋಪಿ, ಗೋಣಿಯ ಕೊಪ್ಪೆ, ಕಂಬಳಿ. ಒಬ್ಬರು ಹಸುವಿನ ಕೊರಳಪಟ್ಟಿ ತಂದು, ಸಂಜೆ ತಡವಾಗಿ ಬರುತ್ತದೆ, ಇದಕ್ಕೂ ಹಾಕು ಅಂದರು. ಇಂಜಿನಿಯರ್ ಅಂತ ಹೆಸರಿಟ್ಟಿದ್ದವನು ಎಲ್ಲರಿಗಿಂತ ಕೊನೆಗೆ, ಮುಖ ಬೇರೆ ಕಡೆ ತಿರುಗಿಸಿಕೊಂಡು, ತನ್ನ ಕೋಟು ಮೇಜಿನ ಮೇಲಿಟ್ಟು ಹೋದ. ಆ ಕೋಟಿಗೆ ಒಂದು ಪಟ್ಟಿ ಜಾಸ್ತಿಯೇ ಹೊಲಿದೆ.

ಅತ್ತೆ ಗದ್ದಿಗೆಗೆ ಅಂತ ಬೇರೆ ಕಂಬಳಿ ತರಿಸಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಾರೆ. ಕೀಲಿ ಎಲ್ಲಿದೆ ಅಂತ ನನಗೆ ಹೇಳಿಲ್ಲ. ಹಳೆಯದಕ್ಕೆ ಹೊಸ ಪಟ್ಟಿ ಹೊಲಿದದ್ದಾಯಿತು. ಸಂಜೆ ಶುಂಠಿ ಪಿಕಪ್ಪಿನ ಹುಡುಗ ಮಾವನನ್ನು ದಾಟುವಾಗ ಎರಡು ಸಲ ಹಾರನ್ ಹೊಡೆದು, "ಅಜ್ಜ, ಈಗ ಕಾಣ್ತಾ ಉಂಟು!" ಅಂತ ಕೂಗಿ ಹೋಗುತ್ತಾನೆ. ಮಾವ ಕೈ ಎತ್ತುತ್ತಾರೆ. ಮೋರಿಯ ಗುಂಡಿ ಇನ್ನೂ ಹಾಗೇ ಇದೆ, ಅದನ್ನು ಯಾವ ಇಂಜಿನಿಯರೂ ಮುಚ್ಚಿಲ್ಲ. ಆದರೆ ಈಗ ಕ್ಯಾನು ಡಣ್ ಅನ್ನುವ ಮೊದಲೇ ತಿರುವಿನಲ್ಲಿ ಪುಟ್ಟ ದೀಪ ಕಾಣುತ್ತದೆ, ಅತ್ತೆಯೂ ಕಾಫಿಗೆ ಇಡು ಅಂತ ಮೊದಲೇ ಹೇಳುತ್ತಾರೆ.

ಹೀಗಿರುವಾಗ ಒಂದು ಸಂಜೆ ನಾನು ಮಳಿಗೆ ಮುಚ್ಚಿ, ಕಪ್ಪು ಸ್ವೆಟರ್ ಹಾಕಿಕೊಂಡು, ಮಾರನೆಯ ದಿನದ ರವಿಕೆಗಳ ಲೆಕ್ಕಾಚಾರದಲ್ಲಿ ನಡೆದು ಬರುತ್ತಿದ್ದೆ. ಹಿಂದೆ ಕಿರ್ ಅಂತ ಬ್ರೇಕಿನ ಸದ್ದು. ತಿರುಗಿ ನೋಡಿದರೆ ಸೈಕಲ್ಲಿನ ಮುಂದಿನ ಚಕ್ರ ನನ್ನ ಸೀರೆಯ ಹತ್ತಿರ ಬಂದು ನಿಂತಿತ್ತು.

"ಯಾರ್ರೀ ಅದು, ರಸ್ತೆ ಮಧ್ಯ... ಅವ್ವಾ! ನೀನಾ?"

ಮಾವ ಇಳಿದರು. ಆಮೇಲೆ ಸೈಕಲ್ ಹತ್ತಲೇ ಇಲ್ಲ. ನನ್ನನ್ನು ರಸ್ತೆಯ ಒಳಬದಿಗೆ ಹಾಕಿಕೊಂಡು, ತಾವು ಹೊರಬದಿಗೆ ಸೈಕಲ್ ತಳ್ಳುತ್ತಾ ಮನೆಯ ತನಕ ನಡೆದರು. ಗಾಡಿ ಬಂದಾಗಲೆಲ್ಲ ನನ್ನನ್ನು ಇನ್ನಷ್ಟು ಅಂಚಿಗೆ ಸರಿಸುತ್ತಿದ್ದರು. ಏನಾಯಿತು ಇವರಿಗೆ, ಡೈರಿಯಲ್ಲಿ ಜಗಳವೇನಾದರೂ ಆಯಿತೇ ಅಂದುಕೊಂಡೆ.

ಬೆಳಿಗ್ಗೆ ಹೊರಡುವಾಗ ಗೂಟದಿಂದ ಸ್ವೆಟರ್ ತೆಗೆದರೆ ಬೆನ್ನಿನ ಮೇಲೆ ರೇಡಿಯಂ ಪಟ್ಟಿ. ಗದ್ದಿಗೆಯ ಕಂಬಳಿಯಿಂದ ನಾನೇ ಬಿಚ್ಚಿದ್ದು, ನನ್ನ ಸೂಜಿಯ ಹಳೇ ತೂತುಗಳು ಸಾಲಾಗಿ ಕಾಣುತ್ತಿದ್ದವು. ಅದನ್ನು ಮೂಟೆ ಹೊಲಿಯುವ ದಬ್ಬಳದಲ್ಲಿ, ಗೋಣಿ ದಾರ ಹಾಕಿ ಹೊಲಿಯಲಾಗಿತ್ತು. ಒಂದು ಹೊಲಿಗೆ ಮೊಳದುದ್ದ, ಇನ್ನೊಂದು ಗೇಣು. ಪಟ್ಟಿ ಒಂದು ಕಡೆ ಭುಜಕ್ಕೆ ಏರಿ ಇನ್ನೊಂದು ಕಡೆ ಸೊಂಟಕ್ಕೆ ಇಳಿದಿತ್ತು. ದನದ ಕೊಟ್ಟಿಗೆಯಿಂದ ಮಾವ ನನ್ನತ್ತ ನೋಡದೆಯೇ ಹೇಳಿದರು.

"ಊರಿಗೆಲ್ಲ ಹೊಲ್ದೆ. ನಿನ್ ಬೆನ್ನ ನೀನು ನೋಡ್ಕಳ್ಲಿಲ್ಲ."

ಮಳಿಗೆಗೆ ಬರುವ ಹೆಂಗಸರು ಆ ಸ್ವೆಟರ್ ನೋಡಿ ಇಂದಿಗೂ ನಗುತ್ತಾರೆ. ಹೊಲಿಯೋಳ ಮೈಮೇಲೇ ಇಂಥ ಹೊಲಿಗೆನಾ, ಬಿಚ್ಚಿ ಸರಿ ಮಾಡ್ಕೊಳ್ಳಿ ಅಕ್ಕ, ನೋಡಿದವರು ಏನಂದುಕೊಳ್ತಾರೆ ಅನ್ನುತ್ತಾರೆ. ಊರಿನ ಸೊಟ್ಟ ಹೊಲಿಗೆಯನ್ನೆಲ್ಲ ಬಿಚ್ಚಿ ಹೊಲಿಯುವವಳು ನಾನು. ಅದೊಂದನ್ನು ಬಿಚ್ಚಿಲ್ಲ.